ಗೊತ್ತಿಲ್ಲದ ಬಣ್ಣ

ಐಬಿಎಂನವರು 1986ರಲ್ಲಿ ತಂದ ನೆಟ್‌ವ್ಯೂ ಮೇನ್‌ಫ್ರೇಮ್ ನೆಟ್‌ವರ್ಕನ್ನು ಕಾಯುವ ಸಾಫ್ಟ್‌ವೇರ್. ಅದರ ಕನ್ಸೋಲಿನಲ್ಲಿ ಹಸಿರಿದ್ದರೆ ಸರಿ, ಕೆಂಪಾದರೆ ಕೆಟ್ಟಿದೆ, ಬೂದಾದರೆ ಸುದ್ದಿಯೇ ಬರ್ತಿಲ್ಲ. ಬಣ್ಣಗಳನ್ನು ನಮಗೆ ಬೇಕಾದ ಹಾಗೆ ಬದಲಿಸಬಹುದಿತ್ತು.

2019ರ ಆಗಸ್ಟ್. ಬೆಂಗಳೂರಲ್ಲಿ ನೈಟ್ ಶಿಫ್ಟ್, ನಾನು ಹೊಸಬ. ಬೂದು ಕಣ್ಣಿಗೆ ಬೀಳೋದಿಲ್ಲ ಅಂತ ಅದಕ್ಕೂ ಕೆಂಪು ಹಾಕಿಟ್ಟೆ. ಒಂದು ಲಿಂಕಿನ ಸುದ್ದಿ ನಿಂತದ್ದೇ ಅದರ ಹಿಂದಿದ್ದ ಅಷ್ಟೂ ಕೆಂಪು! ಚೆನ್ನಾಗೇ ಓಡ್ತಿದ್ದ ಬ್ರಾಂಚಿನವರನ್ನೆಲ್ಲ ಎಬ್ಬಿಸಿದೆ. "ಗೊತ್ತಿಲ್ಲ ಅಂದ್ರೆ ಸತ್ತಿದೆ ಅಂತ ಅಲ್ಲಪ್ಪ" ಅಂದರು ಸೀನಿಯರ್. ಬೈಗುಳವೂ ಸಿಕ್ಕಿತು ಬಿಡಿ :-)

ಅದೇ ವಾರ ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟ ದಾಟಿತು. ಅಮ್ಮನ ಮೊಬೈಲ್ ಸ್ವಿಚ್ ಆಫ್. ಬೆಳ್ತಂಗಡಿಯ ದೊಡ್ಡಮ್ಮನದ್ದೂ. ಮೂಡಬಿದ್ರೆಯ ಮಾವ ಮಾತ್ರ ಸಿಕ್ಕಿದರು. "ಕರೆಂಟಿಲ್ಲ ಮಾರಾಯ, ಚಾರ್ಜ್ ಇರ್ಲಿಕ್ಕಿಲ್ಲ, ಹೆದರ್ಬೇಡ" ಅಂದರು. ಆದರೆ ಅವರಿಗೂ ಎಂತ ಗೊತ್ತಿರಲಿಲ್ಲ, ದನಿಯಲ್ಲೇ ತಿಳೀತಿತ್ತು. ನನ್ನ ತಲೆಯೊಳಗೆ ಎಲ್ಲ ಕೆಂಪು.

ಕೂತಲ್ಲಿ ಕೂರಲಾಗದೆ ಸೆಟ್ಟಿಂಗ್ಸ್ ತೆಗೆದು, ಗೊತ್ತಿಲ್ಲದ್ದಕ್ಕೆ ನೇರಳೆ ಕೊಟ್ಟೆ.

ಮರುದಿನ ಸಂಜೆ ಯಾರದ್ದೋ ನಂಬರಿನಿಂದ ಅಮ್ಮನ ಫೋನು. "ಅಂಗಳಕ್ಕೆ ನೀರು ಬಂತು ಮಗಾ. ಅಟ್ಟದ ಅಡಿಕೆ ಮಾತ್ರ ಉಳಿಯಿತು."