ಓದಿದ ಊರು, ನೋಡಿದ ಊರು

ನಾಸಿಕಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಬರುವಾಗ ಅಪ್ಪ ಟ್ರಂಕಿನಲ್ಲಿಟ್ಟು ಕಳಿಸಿದ್ದು ಎರಡು ಪ್ರವಾಸದ ಪುಸ್ತಕ: ಗೊರೂರರ 'ಅಮೆರಿಕಾದಲ್ಲಿ ಗೊರೂರು', ಕೃಷ್ಣಾನಂದ ಕಾಮತರ 'ನಾನೂ ಅಮೆರಿಕೆಗೆ ಹೋಗಿದ್ದೆ'. ಮೊದಲನೆಯದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಅಮೆರಿಕೆಯ ಯೋಗ ಇರಲಿಲ್ಲ ಬಿಡಿ. ಆದರೆ ಪರಊರಿನಲ್ಲಿ ಕಣ್ಣು ತೆರೆದು, ನಗುತ್ತಾ ಬದುಕುವುದನ್ನು ಕಲಿಸಿದ್ದು ಇವೇ.

ಮಗಳು ಹುಟ್ಟಿದ್ದು ಇಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಹಾಗಾಗಿ ಭಾನುವಾರ ನಾನು ಓದುವುದು, ಅವಳು ಕೇಳುವುದು. ಒಂದು ದಿನ ಕೇಳಿಯೇಬಿಟ್ಟಳು: "ಅಪ್ಪಾ, ಎಲ್ಲಾ ದೂರದ ಊರೇ. ಇಲ್ಲಿ ನಮ್ಮದು ಅಂತ ಏನೂ ಇಲ್ವಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಮುಂದಿನ ರಜೆಗೆ ಛತ್ರಪತಿ ಸಂಭಾಜಿನಗರದ ಬಸ್ಸು ಹತ್ತಿದೆವು (ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದ್!). ಅಲ್ಲಿಂದ ಎಲ್ಲೋರ ಸುಮಾರು 30 ಕಿ.ಮೀ. ಹದಿನಾರನೇ ಗುಹೆಯೇ ಕೈಲಾಸ. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣ ಮಾಡಿಸಿದ್ದು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತಾ ಬಂದಿದ್ದಾರೆ. "ಇದೇ ವಂಶದ ನೃಪತುಂಗನ ಕಾಲದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಅದರಲ್ಲಿದೆ" ಅಂದೆ.

"ನಮ್ಮ ಮನೆ ಹತ್ತಿರದ ಗೋದಾವರಿನಾ?"

"ಅದೇ ಮಗಾ."

ಅವಳು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ತಾನೇ ಹೊಸ ನೋಟ್‌ಬುಕ್ ತಂದು ಎದುರಿಗಿಟ್ಟಳು. ಈಗ ಕಾಗುಣಿತದವರೆಗೆ ಬಂದಿದ್ದಾಳೆ.

ಕಾಮತರ ಪುಸ್ತಕ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲೋರಕ್ಕೆ ಹೋಗುವುದಾದರೆ ಮಂಗಳವಾರ ಬೇಡ, ಅವತ್ತು ಬಾಗಿಲು ಹಾಕಿರುತ್ತೆ.