ಅತ್ತಿಯವರ ಪದ, ನನ್ನ ಹೆಬ್ಬೆರಳು ಮತ್ತ ಎಂಟು ಫೇಡರು

"ಅವ್ವಾ, ನಿನಗ ಒಂದು ಮಿಡಿ ಕಂಟ್ರೋಲರ್ ಬೇಕು ನೋಡು" ಅಂತ ಪುಣೆಯಿಂದ ಮಗ ಫೋನಿನ್ಯಾಗ ಅಂದಾಗ ನಾನು ಒಲಿ ಮುಂದ ನಿಂತಿದ್ದೆ. ಮಿಡಿ ಅಂದಕೂಡ್ಲೆ ನನ್ನ ಕಣ್ಣಮುಂದ ಬಂದದ್ದು ಮಾವಿನ ಮಿಡಿ, ಉಪ್ಪಿನಕಾಯಿ ಭರಣಿ. "ಅದಕ್ಕ ಯಾತರ ಕಂಟ್ರೋಲೋ, ಉಪ್ಪು ಸರಿ ಬಿದ್ರ ಸಾಕು" ಅಂದೆ. ಅಂವ ನಕ್ಕಿದ್ದು ನಕ್ಕಿದ್ದ. ನಕ್ಕು ಮುಗದ ಮ್ಯಾಲೆ ಹೇಳಿದ, ಇದು ಹಾಡು ರೆಕಾರ್ಡ್ ಮಾಡೂ ಸಾಫ್ಟ್‌ವೇರನ್ನ ಕೈಲೆ ನಡಸೂ ಸಾಮಾನು ಅಂತ.

ಪಿಯುಸಿ ತನಕ ಕಲತಾಕಿ ನಾನು. ನನಗ್ಯಾಕ ಬೇಕಾತು ಇದೆಲ್ಲಾ ಅಂತ ನೀವು ಕೇಳಬಹುದು. ಅದನ್ನ ಮೊದಲ ಹೇಳತೇನಿ.

ನಮ್ಮ ಅತ್ತಿಯವರಿಗೆ ಈಗ 84. ಬೀಸೂ ಪದ, ಸೋಬಾನ, ತೊಟ್ಟಿಲದ ಹಾಡು, ಆಷಾಢದಾಗ ಗುಳ್ಳವ್ವನ ಹಾಡು, ಸೀಗಿ ಹುಣ್ಣಿವಿ ಹಾಡು, ಅವರ ಬಾಯಾಗ ಎಷ್ಟು ಅದಾವ ಅಂತ ಯಾರೂ ಎಣಿಸಿಲ್ಲ. ಎರಡು ವರ್ಷದಿಂದ ಅವರಿಗೆ ಮರವು ಹತ್ತೇತಿ. ಮುಂಜಾನೆ ಉಂಡದ್ದು ಮಧ್ಯಾಹ್ನಕ್ಕ ನೆನಪಿರೂದಿಲ್ಲ. ಪದ ಮಾತ್ರ ಇರತಿದ್ದವು. ಹ್ವಾದ ವರ್ಷ ಗೌರಿ ಹುಣ್ಣಿವಿ ದಿನ ಒಂದು ಪದದ ನಡುವ ನಿಂತಬಿಟ್ರು. ಮುಂದಿನ ನುಡಿ ಬರಲಿಲ್ಲ. ನನ್ನ ಮಾರಿ ನೋಡಿದ್ರು. ನನಗೂ ಬರತಿರಲಿಲ್ಲ. ಮೂವತ್ತೆರಡು ವರ್ಷ ಬಾಜೂಕ ಕುಂತು ಸೊಲ್ಲು ಎತ್ತೀನಿ, ಮೊದಲ ನುಡಿ ಎಂದೂ ಕಲೀಲಿಲ್ಲ. ಅವತ್ತ ರಾತ್ರಿ ನಿದ್ದಿ ಬರಲಿಲ್ಲ.

ಹಲಸಂಗಿ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿದ 'ಗರತಿಯ ಹಾಡು' 1931ರಾಗ ಪುಸ್ತಕ ಆತು. ಅದರಿಂದ ಮಾತು ಉಳದಾವ, ಅದು ದೊಡ್ಡ ಉಪಕಾರ. ಆದ್ರ ಧಾಟಿ ಹೆಂಗಿತ್ತು, ಎಲ್ಲಿ ಉಸರು ತಗೋತಿದ್ರು ಅನ್ನೂದು ಕಾಗದದ ಮ್ಯಾಲೆ ಬರೂದಿಲ್ಲ. ನನಗ ಅತ್ತಿಯವರ ದನೀನೂ ಬೇಕಿತ್ತು.

ಮಗ ಎರಡು ಮೈಕು, ಎರಡೂ ಮೈಕು ಒಂದ ಸಲಕ್ಕ ಚುಚ್ಚೂ ಸಣ್ಣ ಡಬ್ಬಿ, ತನ್ನ ಹಳೇ ಲ್ಯಾಪ್‌ಟಾಪು ಕೊಟ್ಟು ಹ್ವಾದ. ಅದರಾಗ ರೀಪರ್ ಅಂತ ಸಾಫ್ಟ್‌ವೇರ್ ಹಾಕಿಕೊಟ್ಟ. ಅದನ್ನ 60 ದಿನ ಪುಕ್ಕಟ ಬಳಸಿ ನೋಡಬಹುದು, ಆಮ್ಯಾಲೆ ರೊಕ್ಕ ಕಟ್ಟಬೇಕು. ಒಂದು ಮೈಕು ಅತ್ತಿಯವರಿಗೆ, ಇನ್ನೊಂದು ಸೊಲ್ಲು ಎತ್ತೂ ನನಗ ಮತ್ತ ಬಾಜೂ ಮನಿ ಅಕ್ಕಗ.

ರೆಕಾರ್ಡ್ ಮಾಡೂದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಆಮ್ಯಾಲೆ. ಅತ್ತಿಯವರು ಮೈಕಿನ ಮುಂದ ಸುಮ್ಮನ ಕೂಡೂದಿಲ್ಲ. ಕಾಯಿಪಲ್ಯೆದಾಕಿ ಒದರಿದ್ಲಂದ್ರ ಕಿಡಕಿ ಕಡೆ ತಿರಗತಾರ, ದನಿ ಅರ್ಧ ಆಗತೈತಿ. ದಣದ್ರಂತೂ ಸಾಲಿನ ತುದಿ ಕೇಳೂದ ಇಲ್ಲ. ಅಂಥ ಕಡೆ ದನಿ ಎತ್ತಿ, ಉಳದ ಕಡೆ ಇಳಿಸಬೇಕು. ಮೌಸ್ ಹಿಡದು ಒಂದೊಂದ ಚುಕ್ಕಿ ಇಟ್ಟು, ಗೆರಿ ಎಳದು ಎಳದು ಮಾಡೂದು. ಇಷ್ಟು ವರ್ಷ ಅರಿವಿ ಹಿಂಡಿ ನನ್ನ ಬಲಗೈ ಹೆಬ್ಬೆರಳಿನ ಬುಡ ಸವದೈತಿ ಅಂತ ಡಾಕ್ಟರು ಹೇಳ್ಯಾರ. ಒಂದು ಪದ ಮುಗಿಸೂದರಾಗ ಕೈ ಜುಮುಜುಮು ಅಂತಿತ್ತು.

"ಫೈಲ್ ಕಳಿಸವ್ವಾ, ನಾ ಕಂಪ್ರೆಸರ್ ಹಾಕಿ ಕೊಡತೇನಿ" ಅಂದ ಮಗ. ಕಂಪ್ರೆಸರ್ ಅಂದ್ರ ಜೋರ ಇದ್ದದ್ದನ್ನ ಒತ್ತತೈತಿ, ಆಮ್ಯಾಲೆ ಒಟ್ಟಿಗೆ ಎಲ್ಲಾನೂ ಮ್ಯಾಲೆ ಎತ್ತಬಹುದು. ಕಳಿಸಿದೆ. ಎರಡು ತಾಸಿನ್ಯಾಗ ಹೊಳ್ಳಿ ಬಂತು. ದನಿ ಸಪಾಟ ಆಗಿತ್ತು, ಎಲ್ಲಾ ಮಾತೂ ಕೇಳತಿತ್ತು. ಆದ್ರ ನನ್ನ ಎದಿ ಯಾಕೋ ಒಪ್ಪಲಿಲ್ಲ. ತವರಮನಿ ನೆನಸೂ ಒಂದು ನುಡಿ ಐತಿ. ಅಲ್ಲಿ ಅತ್ತಿಯವರು ಯಾವಾಗಲೂ ದನಿ ಸಣ್ಣದು ಮಾಡತಾರ, ನಾನು ಹೊಸಾ ಸೊಸಿ ಆಗಿ ಬಂದಾಗಿಂದ ಹಂಗ. ಆ ನುಡೀನೂ ಉಳದದ್ದರ ಸರಿಸಮ ನಿಂತಿತ್ತು. ಜೊತಿಗೆ ಉಸರಿನ ಸಪ್ಪಳ, ಫ್ಯಾನಿನ ಸಪ್ಪಳ ಎಲ್ಲಾ ಮ್ಯಾಲೆ ಬಂದಿದ್ದವು.

ಮಗನ ತಪ್ಪು ಏನಿಲ್ಲ. ಯಾವ ಕಡೆ ದನಿ ದಣದು ಇಳದದ, ಯಾವ ಕಡೆ ಬೇಕಂತ ಇಳಿಸ್ಯಾರ ಅನ್ನೂದು ಯಂತ್ರಕ್ಕ ಗೊತ್ತಿಲ್ಲ. ಆರು ವರ್ಷದಿಂದ ಊರ ಹೊರಗ ಇರೂ ಅವಗೂ ಗೊತ್ತಿಲ್ಲ. ನನಗ ಗೊತ್ತೈತಿ. "ಬ್ಯಾಡಪಾ, ಇದನ್ನ ನಾನ ಮಾಡತೇನಿ. ನನ್ನ ಕೈಗೆ ನೋವಾಗಲಾರದಂಥಾದ್ದು ಏನರ ಇದ್ರ ಹೇಳು" ಅಂದೆ. ಆವಾಗ ಬಂತು ನೋಡ್ರಿ ಈ ಮಿಡಿ ಮಾತು.

ಒಂದು ತಿಳಕೊಳ್ರಿ. ಈ ಕಂಟ್ರೋಲರಿನ್ಯಾಗ ದನಿ ಇರೂದಿಲ್ಲ, ಮೈಕಿನ ತಂತಿ ಇದಕ್ಕ ಚುಚ್ಚೂದಿಲ್ಲ. ನಾವು ಗುಂಡಿ ಸರಿಸಿದ್ರ ಅದು ಕಂಪ್ಯೂಟರಿಗೆ ಬರೇ ಒಂದು ಸಂಖ್ಯೆ ಕಳಸತೈತಿ, 0 ಯಿಂದ 127ರ ತನಕ. "ಇಷ್ಟ ಏರಿಸು, ಇಷ್ಟ ಇಳಸು" ಅನ್ನೂ ಚೀಟಿ ಇದ್ದಂಗ. 1983ರಿಂದ ಈ ಮಿಡಿ ಭಾಷಾ ಐತಂತ, ಅದಕ್ಕ ಬ್ಯಾರೆ ಬ್ಯಾರೆ ಕಂಪನಿ ಸಾಮಾನು ಒಂದಕ್ಕೊಂದು ಹೊಂದತಾವ.

ಮಗನ ಗೆಳೆಯ ಹುಬ್ಬಳ್ಳ್ಯಾಗ ಸಣ್ಣ ಸ್ಟುಡಿಯೋ ಇಟ್ಟಾನ. "ಬರ್ರಿ ಆಂಟಿ, ಮುಟ್ಟಿ ನೋಡಿ ತಗೋರಿ" ಅಂದ. ಧಾರವಾಡದಿಂದ ಬಸ್ ಹತ್ತಿ ಹ್ವಾದೆ. ಮೂರು ನಮೂನಿ ತೋರಿಸಿದ.

ಮೊದಲನೇದು ಅಕಾಯ್ ಎಂಪಿಕೆ ಮಿನಿ. ಸಣ್ಣ ಪೆಟಿಗಿ ಹಂಗ 25 ಮನಿ, ತಾಳ ಬಡಿಲಿಕ್ಕೆ 8 ಪ್ಯಾಡು, 8 ತಿರಗಣಿ. ಹಾಡು ಕಟ್ಟೂ ಹುಡುಗರು ಬಹಳ ಜನ ಇಂಥಾದ್ದನ್ನ ತಗೋತಾರಂತ. ಆದ್ರ ನಾನು ಪೆಟಿಗಿ ಬಾರಸೂದಿಲ್ಲ. ತಿರಗಣಿ ತಿರವಬೇಕಂದ್ರ ಹೆಬ್ಬೆರಳು ತೋರಬೆರಳು ಕೂಡಿಸಿ ಚಿವಟಬೇಕು, ಅಲ್ಲೇ ನನ್ನ ನೋವು. ಹತ್ತು ನಿಮಿಷದಾಗ ಗೊತ್ತಾತು, ಇದು ಒಳ್ಳೇ ಸಾಮಾನು, ನನ್ನ ಸಾಮಾನಲ್ಲ.

ಎರಡನೇದು ಪ್ರಿಸೋನಸ್ ಫೇಡರ್‌ಪೋರ್ಟ್. ಒಂದ ಒಂದು ಉದ್ದನ ಸರಕುಗುಂಡಿ, ಅದಕ್ಕ ಫೇಡರ್ ಅಂತಾರ. ಒಳಗ ಮೋಟರ್ ಐತಿ. ನೀವು ಒಮ್ಮೆ ಏರಿಸಿ ಇಳಿಸಿದ್ದನ್ನ ಸಾಫ್ಟ್‌ವೇರ್ ನೆನಪಿಟ್ಟುಕೊಂಡು, ಹೊಳ್ಳಿ ಹಚ್ಚಿದಾಗ ಗುಂಡಿ ತಾನ ಓಡಾಡತೈತಿ. ದೆವ್ವ ಹೊಕ್ಕಂಗ! ಕೈಗೆ ಹಗುರ, ಉದ್ದ ಇರೂದಕ್ಕ ನಾಜೂಕ ಸರಿಸಬಹುದು. ಮನಸಾತು. ಆದ್ರ ಮೋಟರಿಗೆ ಬ್ಯಾರೆ ಅಡಾಪ್ಟರ್ ಚುಚ್ಚಬೇಕು, ರೊಕ್ಕಾನೂ ದುಪ್ಪಟ್ಟಿನಕಿಂತ ಹೆಚ್ಚು. ಮತ್ತ ಅದರಾಗ ಒಂದ ಸಲಕ್ಕ ಒಂದ ದನಿ ಹಿಡೀಬಹುದು.

ಮೂರನೇದು ಕೊರ್ಗ್ ನ್ಯಾನೋಕಂಟ್ರೋಲ್ 2. ಫೂಟಪಟ್ಟಿ ಹಂಗ ಉದ್ದಕ, ಹಗುರ. ಎಂಟು ಸಣ್ಣ ಫೇಡರು, ಹಚ್ಚೂ ಬಂದ್ ಮಾಡೂ ಗುಂಡಿ. ಯುಎಸ್‌ಬಿ ತಂತಿ ಒಂದ ಸಾಕು, ಕರೆಂಟೂ ಅದರಿಂದನ. ಮೋಟರ್ ಇಲ್ಲ. ಅದಕ್ಕ ಪರದೆ ಮ್ಯಾಲೆ ದನಿ ಒಂದು ಕಡೆ, ನಿಮ್ಮ ಗುಂಡಿ ಇನ್ನೊಂದು ಕಡೆ ಇದ್ರ, ಮುಟ್ಟಿದಕೂಡ್ಲೆ ದನಿ ಟಣ್ಣಂತ ಜಿಗೀತೈತಿ.

ಆ ಹುಡುಗಗ ನನ್ನ ಪದಾನ ಹಚ್ಚು ಅಂದೆ. ಕಣ್ಣು ಮುಚ್ಚಿ ಎರಡು ಬೆರಳು ಎರಡು ಫೇಡರಿನ ಮ್ಯಾಲೆ ಇಟ್ಟೆ. ಒಂದು ಅತ್ತಿಯವರದು, ಇನ್ನೊಂದು ಸೊಲ್ಲಿನವರದು. ನಾವು ಸೊಲ್ಲು ಎತ್ತಿದಾಗ ನಮ್ಮದು ಸ್ವಲ್ಪ ಹಿಂದ, ಅವರು ಬಂದಾಗ ಮುಂದ. ರೊಟ್ಟಿ ಬೇಯೂವಾಗ ಉರಿ ಹೆಚ್ಚು ಕಡಿಮಿ ಮಾಡಿದಂಗ ಕೈ ತಾನ ಹ್ವಾತು. ಹೆಬ್ಬೆರಳಿಗೆ ಕೆಲಸಾನ ಇಲ್ಲ. ತವರಮನಿ ನುಡಿ ಬಂದಾಗ ಫೇಡರ್ ಮುಟ್ಟಲಿಲ್ಲ, ಹಂಗ ಬಿಟ್ಟೆ. ಅವತ್ತ ಮೂರನೇದನ್ನ ಗಟ್ಟಿ ಮಾಡಿದೆ.

ಮನಿಗೆ ತಂದ ಮ್ಯಾಲೆ ಎಡವಟ್ಟೂ ಮಾಡಿಕೊಂಡೆ. ರೀಪರಿನ್ಯಾಗ ಕೈ ಆಡಿಸಿದ್ದನ್ನ ಬರಕೊಳ್ಳಾಕ ರೈಟ್ ಅಂತ ಒಂದು ಮೋಡ್ ಐತಿ. ಕೆಲಸ ಆದಕೂಡ್ಲೆ ಅದನ್ನ ರೀಡಿಗೆ ತರಬೇಕು. ನಾನು ಮರತೆ. ಮರದಿನ ನಮ್ಮನಿಯವರಿಗೆ ಕೇಳಿಸಾಕ ಹಚ್ಚಿದ್ರ, ಮೂರು ದಿನ ಕುಂತು ಮಾಡಿದ್ದೆಲ್ಲಾ ಅಳಿಸಿ ಅದರ ಮ್ಯಾಲೆ ಸಪಾಟ ಗೆರಿ ಬರಕೋತ ಹೊಂಟಿತ್ತು. ನನ್ನ ಜೀವ ಬಾಯಿಗೆ ಬಂತು. ಮಗಗ ಫೋನ್ ಹಚ್ಚಿದೆ. "ಆಯಿ ದನಿಗೆ ಏನೂ ಆಗಿಲ್ಲವ್ವಾ, ಹೋಗಿದ್ದು ನಿನ್ನ ಏರಿಸಿ ಇಳಿಸಿದ್ದು ಅಷ್ಟ. ಕಂಟ್ರೋಲ್ ಝೆಡ್ ಒತ್ತು" ಅಂದ. ಒತ್ತಿದೆ, ಬಂತು. ಅವತ್ತಿಂದ ಲ್ಯಾಪ್‌ಟಾಪಿನ ಮೂಲಿಗೆ ಒಂದು ಚೀಟಿ ಹಚ್ಚೇನಿ: "ರೈಟ್ ಬಂದ್ ಮಾಡು."

ಹ್ವಾದ ವಾರ ಮುಗಿಸಿದ ಮೊದಲ ಪದ ಅತ್ತಿಯವರಿಗೆ ಕೇಳಿಸಿದೆ. ಕಿವಿಗೆ ಹೆಡ್‌ಫೋನ್ ಇಟ್ರ "ಯಾರ ಹಾಡಾಕತ್ತಾರ, ಚಲೋ ಹಾಡತಾಳ" ಅಂದ್ರು. "ನೀವ ರೀ ಅತ್ತಿ" ಅಂದೆ. ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ತಾವೂ ಹಾಡಾಕ ಹತ್ತಿದ್ರು. ಪದ ಮುಗೀತು, ಅವರು ನಿಲ್ಲಲಿಲ್ಲ. ಗೌರಿ ಹುಣ್ಣಿವಿ ದಿನ ಬರಲಾರದ ನುಡಿ ಬಂತು!

ಮೈಕು ಚೀಲದಾಗಿತ್ತು. ಮೊಬೈಲ್ ಒತ್ತಿ ಹಿಡದೆ. ಹಿಂದ ಕುಕ್ಕರಿನ ಸೀಟಿ ಎರಡು ಸಲ ಹೊಡದೈತಿ, ದನೀನೂ ಒಡದೈತಿ. ಇರಲಿ. ಈಗ ಅದು ಮೂರನೇ ಫೇಡರಿನ ಮ್ಯಾಲೆ ಐತಿ. ಸೀಟಿ ಬಂದಲ್ಲಿ ಸ್ವಲ್ಪ ಇಳಸತೇನಿ, ಅತ್ತಿಯವರ ದನಿ ಮಾತ್ರ ಇಳಿಲಾರದಂಗ.

ನಿಮ್ಮ ಮನ್ಯಾಗೂ ಹಿರ್ಯಾರು ಇದ್ರ ಕಂಟ್ರೋಲರ್ ಆರಿಸಿಕೋತ ಕೂಡಬ್ಯಾಡ್ರಿ, ಅದು ಆಮ್ಯಾಲಿನ ಕೆಲಸ. ಮೊದಲ ಮೊಬೈಲಿನ್ಯಾಗರ ಹಿಡದು ಇಟಗೊಳ್ರಿ. ಕೊಳ್ಳೂ ದಿನ ಬಂದ್ರ ಪೆಟಿಗಿ ಮ್ಯಾಲೆ ಬರದದ್ದು ಓದೂದಕಿಂತ ಮೊದಲ ನಿಮ್ಮ ಕೈ ನೋಡಿಕೊಳ್ರಿ, ಎಲ್ಲಿ ನೋವೈತಿ, ಯಾವ ಕೆಲಸಕ್ಕ ಬೇಕು ಅಂತ. ನಂದು ಇವತ್ತ ಎರಡನೇ ಪದ ಶುರು. ಅತ್ತಿಯವರು ಎದ್ದಾರ, ಚಾ ಇಡಬೇಕು, ಬರತೇನಿ.