ದೋಣಿ ಕಟ್ಟುವುದು

‘ದೋಣಿ ಕಟ್ಟಿದರು’ ಎಂಬ ಪುಟ್ಟ ವಾಕ್ಯಕ್ಕೆ ಕನ್ನಡದಲ್ಲಿ ಎರಡು ಅರ್ಥ. ಹಲಗೆ ಜೋಡಿಸಿ ಹೊಸ ದೋಣಿ ಮಾಡಿದರು ಎಂದೂ ಆಗುತ್ತದೆ, ಇದ್ದ ದೋಣಿಯನ್ನು ಹಗ್ಗ ಹಾಕಿ ಬಿಗಿದರು ಎಂದೂ ಆಗುತ್ತದೆ. ಮನೆ ಕಟ್ಟುವುದಕ್ಕೂ ದನ ಕಟ್ಟುವುದಕ್ಕೂ ನಮಗೆ ಒಂದೇ ಕ್ರಿಯಾಪದ ಸಾಕು. ಕನ್ನಡದ ಕಟ್ಟಡ, ತಮಿಳಿನ ಕಟ್ಟಿಡಂ, ಮಲಯಾಳದ ಕೆಟ್ಟಿಡಂ ಮೂರರ ಒಳಗೂ ಇರುವುದು ಅದೇ ಗಂಟು. ಕಡಲತೀರದಲ್ಲಿ ಇದು ಬರೀ ಮಾತಿನ ಸಂಗತಿಯಲ್ಲ. ತಮಿಳರ ಕಟ್ಟುಮರಂ ಎಂದರೆ ಒಟ್ಟಿಗೆ ಕಟ್ಟಿದ ಮರದ ದಿಮ್ಮಿಗಳು. ಇಂಗ್ಲಿಷಿನ ಕ್ಯಾಟಮರಾನ್ ಹೋದದ್ದು ಅಲ್ಲಿಂದಲೇ. ಕೇರಳದ ಕೆಟ್ಟುವಳ್ಳಂ ಮೊಳೆ ಬಳಸದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಮಾಡುವ ದೋಣಿ.

ಈ ಬರಹ ಎರಡನೆಯ ಅರ್ಥದ ಕುರಿತು. ದೋಣಿಯನ್ನು ಟ್ರೇಲರಿನ ಮೇಲೋ ಲಾರಿಯ ಮೇಲೋ ಏರಿಸಿ, ಬಿಗಿದು, ಹೊದಿಸಿ, ರಸ್ತೆಯಲ್ಲಿ ಒಯ್ಯುವ ಕೆಲಸದ ಕುರಿತು.

ಹುಬ್ಬಳ್ಳಿಯಿಂದ ಪುಣೆಗೋ ಮೈಸೂರಿನಿಂದ ಚೆನ್ನೈಗೋ ಮನೆ ಸಾಗಿಸಿದವರಿಗೆ ಗೊತ್ತು, ಬೀರು ಕಟ್ಟುವುದು ಕಷ್ಟವಲ್ಲ. ಅದಕ್ಕೆ ಚಪ್ಪಟೆ ತಳವಿದೆ, ಹಗ್ಗ ಹಿಡಿದು ನಿಲ್ಲುವ ಮೂಲೆಗಳಿವೆ. ದೋಣಿಗೆ ಎರಡೂ ಇಲ್ಲ. ನೀರಿನಲ್ಲಿ ಅದಕ್ಕೆ ಇವು ಬೇಕಾಗಿಯೂ ಇಲ್ಲ. ಮುಳುಗಿದ ಭಾಗದ ಪ್ರತಿ ಅಂಗುಲವನ್ನೂ ನೀರು ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ. ರಸ್ತೆಗೆ ಬಂದ ಕೂಡಲೇ ಆ ಭಾರವೆಲ್ಲ ನಾಲ್ಕೈದು ಕಡೆಗೆ ಇಳಿಯುತ್ತದೆ. ಟ್ರೇಲರಿನ ರಬ್ಬರ್ ಉರುಳೆ, ಕಂಬಳಿ ಸುತ್ತಿದ ಮರದ ಪಟ್ಟಿ, ಇವಿಷ್ಟೇ ಆಧಾರ. ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಅಲೆಯ ಏಟು ತಿನ್ನುವ ಮೈ ಗಟ್ಟಿ ವಸ್ತುವಿನ ಏಟು ತಿನ್ನುತ್ತದೆ. ನೀರು ಹಂಚಿ ಹೊತ್ತಿದ್ದ ಭಾರವನ್ನು ಆದಷ್ಟು ಹಾಗೆಯೇ ಹಂಚುವುದು, ದೋಣಿ ಜಿಗಿಯದಂತೆ ನೋಡಿಕೊಳ್ಳುವುದು, ಕಟ್ಟುವ ಕೆಲಸವೆಂದರೆ ಇಷ್ಟೇ.

ಟ್ರೇಲರಿನ ಮುಂದೆ ಒಂದು ಕಂಬ, ಅದಕ್ಕೊಂದು ಕೈಯಿಂದ ತಿರುಗಿಸುವ ರಾಟೆ ಇರುತ್ತದೆ. ದೋಣಿಯ ಮೂತಿಯನ್ನು ಮೇಲಕ್ಕೆಳೆದು ರಬ್ಬರಿಗೆ ಒತ್ತಿ ನಿಲ್ಲಿಸುವುದು ಈ ರಾಟೆಯ ಕೆಲಸ. ಅದು ಎಳೆಯಲಿಕ್ಕಿರುವುದೇ ಹೊರತು ದಾರಿಯುದ್ದಕ್ಕೂ ಹಿಡಿದಿಡಲಿಕ್ಕಲ್ಲ. ಹಾಗಾಗಿ ಮೂತಿಯ ಬಳೆಗೆ ಬೇರೆಯದೇ ಒಂದು ಸರಪಳಿ ಬೇಕು. ಹಿಂಭಾಗವನ್ನು ಎರಡು ಪಟ್ಟಿಗಳಿಂದ ಚೌಕಟ್ಟಿಗೆ ಬಿಗಿಯಬೇಕು. ಪಟ್ಟಿ ಅಂಚು ದಾಟುವಲ್ಲಿ ಹಳೆಯ ಬಟ್ಟೆಯ ಮಡಿಕೆಯೊಂದನ್ನು ಇಡಬೇಕು. ಬಿಗಿ ಕಡಿಮೆಯಾದರೆ ದೋಣಿ ಕುಣಿಯುತ್ತದೆ, ಹೆಚ್ಚಾದರೆ ಫೈಬರ್ ಮೈ ಒಳಕ್ಕೆ ಬಾಗಿ ಬಿರುಕು ಬಿಡುತ್ತದೆ. ಚಪ್ಪಟೆ ಪಟ್ಟಿ ಗಾಳಿಗೆ ಗುಂಯ್‌ಗುಡುತ್ತಾ ನಡುಗುವುದನ್ನು ತಪ್ಪಿಸಲು ಅದಕ್ಕೊಂದು ತಿರುಚು ಕೊಡುತ್ತಾರೆ. ಹೊರಟ ಕೆಲವೇ ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಎಲ್ಲವನ್ನೂ ಮುಟ್ಟಿ ನೋಡಬೇಕು. ಅಷ್ಟರಲ್ಲಿ ದೋಣಿ ತನ್ನ ಜಾಗದಲ್ಲಿ ಕೂತಿರುತ್ತದೆ, ಪಟ್ಟಿಗಳು ಸಡಿಲಗೊಂಡಿರುತ್ತವೆ.

ಇನ್ನು ಹೊದಿಕೆ. ಉತ್ತರ ಕರ್ನಾಟಕದವರ ತಾಡಪತ್ರಿ, ಮೈಸೂರು ಕಡೆಯವರ ಟಾರ್ಪಾಲು. ಹೊದಿಕೆ ದೋಣಿಯನ್ನು ಕಾಪಾಡುತ್ತದೆ ಎಂಬುದು ಅರ್ಧ ನಿಜ. ನಿಂತ ದೋಣಿಗೆ ಸಡಿಲ ಹೊದಿಕೆ ನಡೆಯುತ್ತದೆ. ಓಡುವ ದೋಣಿಯ ಮೇಲೆ ಅದೇ ಹೊದಿಕೆ ಪಟಪಟನೆ ಬಡಿದು, ಅಡಿಯಲ್ಲಿ ಸಿಕ್ಕ ಮರಳನ್ನು ಉಜ್ಜಿ, ಒಂದೇ ಪ್ರಯಾಣದಲ್ಲಿ ಬಣ್ಣ ಕಿತ್ತುಬಿಡುತ್ತದೆ. ಅದಕ್ಕೇ ಹೊದಿಕೆಯ ಪಟ್ಟಿಗಳನ್ನು ದೋಣಿಯ ಹೊಟ್ಟೆಯ ಕೆಳಗಿನಿಂದ ತಂದು, ಗಾಳಿ ನುಗ್ಗದಂತೆ ಬಿಗಿಯುವುದು. ಮಳೆಯ ಲೆಕ್ಕ ಬೇರೆ. ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ ಹತ್ತೇ ಸೆಂಟಿಮೀಟರ್ ನೀರು ನಿಂತರೂ ಅದು 400 ಲೀಟರ್, ಅಂದರೆ 400 ಕಿಲೋ. ಹಗುರ ದೋಣಿಯ ತೂಕವನ್ನೇ ಮೀರುವ ಭಾರ. ಹಾಗಾಗಿ ತಳದ ಬಿರಡೆಯನ್ನು ತೆಗೆದೇ ಹೊರಡುತ್ತಾರೆ. ನೀರಿಗಿಳಿಸುವ ಮುಂಚೆ ಅದನ್ನು ಮರಳಿ ಹಾಕುವುದು ನೆನಪಿರಬೇಕು, ಅಷ್ಟೆ.

ನಮ್ಮ ತೀರಗಳ ಮೀನುಗಾರರಿಗೆ ಇಂಥ ಟ್ರೇಲರುಗಳು ಅಪರೂಪ. ದೋಣಿ ಊರು ಬದಲಿಸುವುದು ಸಾಮಾನ್ಯವಾಗಿ ಲಾರಿಯ ಮೇಲೆ. ಅಡಿಗೆ ಹಳೆಯ ಟೈರು, ಗೋಣಿಚೀಲ, ಮೇಲೆ ಹಗ್ಗ. ರಾಟೆಯ ಕೆಲಸವನ್ನು ಲಾರಿಯವರು ಗಂಟಿನಿಂದಲೇ ಮಾಡಿಸುತ್ತಾರೆ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಬಾಡಿಯ ಕೊಕ್ಕೆಗೆ ಸುತ್ತಿ, ಮತ್ತೆ ಕುಣಿಕೆಯೊಳಗಿಂದ ತೂರಿಸಿ ಕೆಳಕ್ಕೆ ಎಳೆಯುತ್ತಾರೆ. ಹಗ್ಗವೇ ರಾಟೆಯಾಗಿ ಒಬ್ಬನ ಎಳೆತಕ್ಕೆ ಇಬ್ಬರ ಬಲ ಬರುತ್ತದೆ. ಈ ಗಂಟಿನ ನಿಜವಾದ ಗುಣ ಬೇರೆ: ನೂರಾರು ಕಿಲೋಮೀಟರ್ ಅಲ್ಲಾಡದೆ ನಿಂತದ್ದು, ಊರು ಬಂದ ಮೇಲೆ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒದ್ದೆಯಾಗಿ ಬಿಗಿದ ಸಾದಾ ಗಂಟಾದರೆ ಉಗುರು ಮುರಿದರೂ ಬಿಚ್ಚದು.

2018ರ ಆಗಸ್ಟ್ ಮಧ್ಯದಲ್ಲಿ, ಇತ್ತ ಕೊಡಗಿನ ಗುಡ್ಡಗಳು ಜಾರುತ್ತಿದ್ದ ವಾರದಲ್ಲೇ, ಕೇರಳದಲ್ಲಿ ಪಂಪಾ ನದಿ ದಡ ಮೀರಿತು. ರಾಣ್ಣಿ, ಆರನ್ಮುಳ, ಚೆಂಗನ್ನೂರಿನ ಜನ ಮಹಡಿ, ತಾರಸಿ ಹತ್ತಿ ಕೂತರು. ಈ ಊರುಗಳಿರುವುದು ಒಳನಾಡಿನಲ್ಲಿ, ದೋಣಿಗಳಿರುವುದು ತೀರದಲ್ಲಿ. ಕೊಲ್ಲಂನಿಂದ ಚೆಂಗನ್ನೂರಿಗೆ ಸುಮಾರು 60 ಕಿಲೋಮೀಟರ್, ತಿರುವನಂತಪುರದ ತೀರದಿಂದ 100ಕ್ಕೂ ಹೆಚ್ಚು. ಮೀನುಗಾರರು ದೋಣಿಗಳನ್ನು ಹೆಗಲು ಕೊಟ್ಟು ಲಾರಿಗೇರಿಸಿ ಹೊರಟರು. ಒಂಬತ್ತು ತಿಂಗಳ ಹಿಂದಷ್ಟೇ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಇದೇ ತೀರದ ಎಷ್ಟೋ ಮನೆಗಳ ಗಂಡಸರನ್ನು ಕಡಲಲ್ಲೇ ಉಳಿಸಿಕೊಂಡಿತ್ತು.

ಆ ದಿನಗಳ ಚಿತ್ರಗಳಲ್ಲಿ ಕಾಣುವುದು ಲಾರಿಯ ಬಾಡಿಯಿಂದಾಚೆ ಚಾಚಿಕೊಂಡ ಬೋಳು ದೋಣಿಗಳು. ಬಣ್ಣ ಉಳಿಸುವ ಹೊದಿಕೆಗೆ ಅಲ್ಲಿ ಪುರುಸೊತ್ತಿರಲಿಲ್ಲ. ಆದರೆ ಹಗ್ಗದ ವಿಷಯದಲ್ಲಿ ಅವಸರ ಮಾಡುವಂತಿರಲಿಲ್ಲ. ದೋಣಿ, ಎಂಜಿನ್ ಸೇರಿದರೆ ಬೆಲೆ ಲಕ್ಷಗಳಲ್ಲಿ. ಅದೇ ಮನೆಯ ಅನ್ನ. ದಾರಿಯಲ್ಲಿ ಜಾರಿ ಒಡೆದರೆ ಈ ಮನೆಗೂ ಇಲ್ಲ, ತಾರಸಿಯ ಮೇಲೆ ಕಾಯುತ್ತಿರುವವರಿಗೂ ಇಲ್ಲ. ತಲುಪಿದ ಮೇಲೆ ಬಿಚ್ಚುವುದು ತಡವಾದರೂ ಅಷ್ಟೇ. ನೆರೆಯ ಅಂಚಿನಲ್ಲಿ, ಮಳೆಯಲ್ಲಿ, ಕರೆಂಟಿಲ್ಲದ ಕತ್ತಲಲ್ಲಿ, ಕೈಯ ಅಂದಾಜಿನಲ್ಲೇ ಗಂಟು ಸಡಿಲಬೇಕು.

ಸರ್ಕಾರದ ಲೆಕ್ಕದಂತೆ 669 ದೋಣಿಗಳಲ್ಲಿ ಹೋದ ನಾಲ್ಕೂವರೆ ಸಾವಿರ ಮೀನುಗಾರರು ಸುಮಾರು 65,000 ಜನರನ್ನು ದಡ ಸೇರಿಸಿದರು. ಅಲೆಗೆಂದು ಮಾಡಿದ ದೋಣಿಗಳು ಅಲ್ಲಿ ಓಡಿದ್ದು ಬೀದಿಗಳಲ್ಲಿ. ಮುಳುಗಿದ ಕಾಂಪೌಂಡು ಗೋಡೆ, ಗೇಟಿನ ಕಬ್ಬಿಣ ತಗುಲಿ ಎಷ್ಟೋ ದೋಣಿಗಳ ತಳ ಸೀಳಿತು, ಎಂಜಿನ್ನಿನ ರೆಕ್ಕೆಗಳು ಮುರಿದವು. ದಿನಕ್ಕೆ 3,000 ರೂಪಾಯಿ, ಇಂಧನ, ರಿಪೇರಿಯ ಖರ್ಚು ಕೊಡುವುದಾಗಿ ಸರ್ಕಾರ ಹೇಳಿತು. ಜೀವ ಉಳಿಸಿದ್ದಕ್ಕೆ ದುಡ್ಡು ಬೇಡ ಎಂದವರೂ ಇದ್ದರು. ದೋಣಿ ಸರಿಮಾಡಿಸಿಕೊಟ್ಟರೆ ಸಾಕು ಎಂಬುದಷ್ಟೇ ಅವರ ಮಾತು.

ಹೊರಡುವಾಗ ದೋಣಿಗಳ ಮೈ ನೆಟ್ಟಗಿತ್ತು, ಹಗ್ಗ ಎಲ್ಲಿ ಬಿದ್ದರೂ ತಡೆದುಕೊಳ್ಳುತ್ತಿತ್ತು. ವಾಪಸ್ಸಿಗೆ ಹಾಗಲ್ಲ. ಬಿರುಕು ಬಿಟ್ಟ ಕಡೆ ಹಗ್ಗ ಬೀಳಬಾರದು, ಒಡೆದ ಕಡೆ ಭಾರ ಕೂರಬಾರದು. ಮತ್ತೆ ಟೈರು, ಮತ್ತೆ ಗೋಣಿಚೀಲ. ಒಡೆದ ದೋಣಿಯನ್ನು ಲಾರಿಗೆ ಕಟ್ಟಿ ಮನೆಗೆ ತಂದರು. ತಂದ ಮೇಲೆ, ಮೊದಲನೆಯ ಅರ್ಥದಲ್ಲಿ, ಇನ್ನೊಮ್ಮೆ ಕಟ್ಟಬೇಕಿತ್ತು.